ತಾಯ್ತನಕ್ಕೆ ಮುಂಚೆ ತೂಕ ಇಳಿಸುವುದು: ಯಾವ ದಾರಿ ಯಾರಿಗೆ ಹೊಂದುತ್ತದೆ

ಮಗು ಬೇಕೆಂದು ನಿರ್ಧರಿಸಿ ತಪಾಸಣೆಗೆ ಹೋದವರಿಗೆ ವೈದ್ಯರು ‘ಸ್ವಲ್ಪ ತೂಕ ಇಳಿಸಿಕೊಂಡು ಬನ್ನಿ’ ಎಂದು ಹೇಳಿ ಕಳಿಸುತ್ತಾರೆ. ಹೇಗೆ ಇಳಿಸಬೇಕೆಂದು ಕೇಳಿ ತಿಳಿಯುವಷ್ಟು ಹೊತ್ತು ಅಲ್ಲಿ ಸಿಗುವುದಿಲ್ಲ, ಬಾಗಿಲ ಹೊರಗೆ ಸಾಲು ಕಾಯುತ್ತಿರುತ್ತದೆ. ಮನೆಗೆ ಬಂದು ವಿಚಾರಿಸಿದರೆ ಒಬ್ಬರು ರೊಟ್ಟಿ ಬಿಡು ಎನ್ನುತ್ತಾರೆ, ಇನ್ನೊಬ್ಬರು ಅನ್ನ ಬಿಡು ಎನ್ನುತ್ತಾರೆ, ಓಣಿಯ ಪರಿಚಯದವರು ಪುಡಿಯ ಡಬ್ಬಿ ತಂದು ಕೊಡುತ್ತಾರೆ, ಮೊಬೈಲ್ ಹದಿನಾರು ತಾಸಿನ ಉಪವಾಸ ಕಲಿಸುತ್ತದೆ, ಈಗೀಗ ಚುಚ್ಚುಮದ್ದಿನ ಮಾತೂ ಕಲಬುರಗಿಯವರೆಗೆ ಬಂದಿದೆ. ಇವುಗಳಲ್ಲಿ ಹೆಚ್ಚಿನವು ತೂಕವನ್ನು ಇಳಿಸುತ್ತವೆ. ಆದರೆ ಮದುವೆಗೋ ಫೋಟೋಕ್ಕೋ ತೂಕ ಇಳಿಸುವವರು ಕೇಳುವ ಪ್ರಶ್ನೆ ಬೇರೆ, ತಾಯಿಯಾಗಲು ಹೊರಟವಳು ಕೇಳಬೇಕಾದ ಪ್ರಶ್ನೆ ಬೇರೆ. ಗರ್ಭ ಕಟ್ಟುವ ದಿನ ಈ ದಾರಿ ನನ್ನ ಮೈಯನ್ನು ಯಾವ ಸ್ಥಿತಿಯಲ್ಲಿ ತಂದು ನಿಲ್ಲಿಸಿರುತ್ತದೆ ಎಂಬುದು ಆಕೆಯ ಪ್ರಶ್ನೆ. ಈ ಬರಹದಲ್ಲಿ ನಾನು ಪ್ರತಿಯೊಂದು ದಾರಿಯನ್ನೂ ಅದೇ ಪ್ರಶ್ನೆಯಿಂದ ಅಳೆದಿದ್ದೇನೆ.

ಇದಕ್ಕೆ ಕಾರಣವಿದೆ. ಮಗುವಿನ ಮೆದುಳು ಮತ್ತು ಬೆನ್ನುಹುರಿಯಾಗಿ ಬೆಳೆಯಬೇಕಾದ ನರನಾಳವು ಗರ್ಭ ಕಟ್ಟಿದ ಸುಮಾರು 28 ದಿನಗಳೊಳಗೆ ಮುಚ್ಚಿಕೊಳ್ಳುತ್ತದೆ. ಮುಟ್ಟು ತಪ್ಪಿತೆಂದು ಗೊತ್ತಾಗುವ ಹೊತ್ತಿಗೆ ಆ ಅವಧಿಯಲ್ಲಿ ಅರ್ಧ ಕಳೆದುಹೋಗಿರುತ್ತದೆ. ಆ ದಿನಗಳಲ್ಲಿ ತಾಯಿಯ ರಕ್ತದಲ್ಲಿ ಫೋಲೇಟ್ (ಫೋಲಿಕ್ ಆಮ್ಲದ ಮಾತ್ರೆಯಿಂದಲೂ ಸಿಗುವ ಬಿ ಜೀವಸತ್ವ) ಎಷ್ಟಿದೆ, ಸಕ್ಕರೆ ಎಷ್ಟಿದೆ, ಕಬ್ಬಿಣ ಎಷ್ಟಿದೆ ಎಂಬುದನ್ನು ಹಿಂದಿನ ಮೂರು ತಿಂಗಳ ಊಟ ನಿರ್ಧರಿಸಿಬಿಟ್ಟಿರುತ್ತದೆ. ಬಸಿರು ನಿಂತ ಮೇಲೆ ತೂಕ ಇಳಿಸುವ ಪ್ರಯತ್ನವನ್ನು ಕೈಬಿಡಬೇಕು, ಆದರೆ ಅದು ಯಾವ ತಿಂಗಳು ನಿಲ್ಲುತ್ತದೆಂದು ಮೊದಲೇ ಯಾರಿಗೂ ತಿಳಿದಿರುವುದಿಲ್ಲ. ಹೀಗಾಗಿ ಯಾವ ದಿನ ಬೇಕಾದರೂ ನಿಲ್ಲಿಸಬಹುದಾದ, ನಿಲ್ಲಿಸಿದರೂ ಮೈಗೆ ಕೊರತೆ ಉಳಿಸದ ದಾರಿಯೇ ಬೇಕು.

ನಾನು ಮೊದಲ ಸಲ ಆರಿಸಿಕೊಂಡದ್ದು ತಪ್ಪು ದಾರಿಯನ್ನು. ಆಗ ನನಗೆ 31 ವರ್ಷ, ಎತ್ತರ 155 ಸೆಂಟಿಮೀಟರ್, ತೂಕ 68 ಕಿಲೋ. ಬೆಳಿಗ್ಗೆ ಮತ್ತು ರಾತ್ರಿ ಪುಡಿ ಕಲಸಿದ ಪಾನೀಯ, ಮಧ್ಯಾಹ್ನ ಒಂದು ತಟ್ಟೆ ಹಸಿ ತರಕಾರಿ ಎಂಬ ಯೋಜನೆಗೆ ಹಣ ಕಟ್ಟಿದೆ. ಐದು ವಾರಗಳಲ್ಲಿ 6 ಕಿಲೋ ಇಳಿಯಿತು, ಮನೆಯಲ್ಲಿ ಎಲ್ಲರೂ ಸಂತೋಷಪಟ್ಟರು. ಆಮೇಲೆ ಎರಡು ತಿಂಗಳು ಮುಟ್ಟಾಗಲಿಲ್ಲ. ಬಸಿರೆಂದು ಆಸೆಯಿಂದ ಪರೀಕ್ಷೆ ಮಾಡಿಸಿದರೆ ಅಲ್ಲ ಎಂದು ಬಂತು, ಹಿಮೋಗ್ಲೋಬಿನ್ 9.4 ಎಂದು ಬಂತು, ತಲೆ ಬಾಚಿದರೆ ಹಣಿಗೆಯ ತುಂಬ ಕೂದಲು ಬರತೊಡಗಿತು. ಪುಡಿ ನಿಲ್ಲಿಸಿದ ಮೂರು ತಿಂಗಳಲ್ಲಿ ತೂಕ ಮತ್ತೆ 68ಕ್ಕೆ ಬಂದು ನಿಂತಿತು. ಎರಡನೆಯ ಸಲ ಅಡುಗೆಮನೆಯಿಂದಲೇ ಆರಂಭಿಸಿ ಎಂಟು ತಿಂಗಳಲ್ಲಿ ಅಷ್ಟೇ 6 ಕಿಲೋ ಇಳಿಸಿದೆ. ಇಳಿದ ಕಿಲೋ ಎರಡೂ ಸಲ ಒಂದೇ, ಆದರೆ ಇಳಿದ ಮೈ ಒಂದೇ ಆಗಿರಲಿಲ್ಲ.

ಎಷ್ಟು ಇಳಿಸಬೇಕು, ಎಷ್ಟು ಕಾಲವಿದೆ

ತೂಕವನ್ನು ಕಿಲೋದಲ್ಲಿ ಬರೆದು, ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು ಅದನ್ನು ಅದರಿಂದಲೇ ಗುಣಿಸಿ, ಬಂದ ಸಂಖ್ಯೆಯಿಂದ ತೂಕವನ್ನು ಭಾಗಿಸಿದರೆ ಬಿಎಂಐ ಸಿಗುತ್ತದೆ. ನಮ್ಮ ದೇಶದವರಿಗೆ 23ರ ಮೇಲೆ ಹೆಚ್ಚು ತೂಕವೆಂದೂ 25ರಿಂದ ಬೊಜ್ಜೆಂದೂ ಎಣಿಸುತ್ತಾರೆ, ಏಕೆಂದರೆ ನಮ್ಮ ಮೈಯಲ್ಲಿ ಕಡಿಮೆ ತೂಕಕ್ಕೇ ಹೊಟ್ಟೆಯ ಸುತ್ತ ಕೊಬ್ಬು ಸೇರುತ್ತದೆ, ಸಕ್ಕರೆ ಕಾಯಿಲೆಯೂ ಬೇಗ ಬರುತ್ತದೆ. ಸೊಂಟದ ಸುತ್ತಳತೆ ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ಸೆಂಟಿಮೀಟರ್ ದಾಟಬಾರದು. ನನ್ನ ಬಿಎಂಐ 28 ದಾಟಿತ್ತು.

ಇದನ್ನು ನೋಡಿ 23ಕ್ಕೆ ಇಳಿಯುವವರೆಗೆ ಮಗುವಿನ ವಿಚಾರ ಬೇಡವೆಂದು ತೀರ್ಮಾನಿಸುವುದು ತಪ್ಪು. ಪಿಸಿಓಎಸ್ (ಹಾರ್ಮೋನುಗಳ ಏರುಪೇರಿನಿಂದ ಅಂಡ ಬಿಡುಗಡೆ ತಪ್ಪುವ ತೊಂದರೆ) ಇದ್ದು ಮುಟ್ಟು ಏರುಪೇರಾಗುವ ಅನೇಕರಲ್ಲಿ ಇರುವ ತೂಕದ ನೂರಕ್ಕೆ 5ರಿಂದ 10 ಭಾಗ ಇಳಿದರೇ ಅಂಡ ಬಿಡುಗಡೆ ಸರಿಹೋಗತೊಡಗುತ್ತದೆ. 68 ಕಿಲೋ ಇರುವವಳಿಗೆ ಅದು ಮೂರೂವರೆಯಿಂದ ಏಳು ಕಿಲೋ ಮಾತ್ರ. ಬಸಿರಿನಲ್ಲಿ ಬರುವ ಸಕ್ಕರೆ ಮತ್ತು ರಕ್ತದೊತ್ತಡದ ಅಪಾಯವೂ ಅಷ್ಟರಲ್ಲೇ ತಗ್ಗುವ ದಿಕ್ಕಿಗೆ ತಿರುಗುತ್ತದೆ.

ಕಾಲದ ಲೆಕ್ಕ ಇದಕ್ಕಿಂತ ಮುಖ್ಯ. ವಯಸ್ಸು 30ರೊಳಗಿದ್ದರೆ ಒಂದು ವರ್ಷವನ್ನು ನಿಶ್ಚಿಂತೆಯಿಂದ ಕೊಡಬಹುದು. 35 ದಾಟಿದವರಿಗೆ ವರ್ಷಗಟ್ಟಲೆ ತೂಕದ ಹಿಂದೆ ಬೀಳುವುದು ಲಾಭವಲ್ಲ, ಏಕೆಂದರೆ ತೂಕ ಇಳಿದು ಸಿಗುವ ಅನುಕೂಲವನ್ನು ವಯಸ್ಸು ಮತ್ತೊಂದು ಕಡೆಯಿಂದ ಕಿತ್ತುಕೊಳ್ಳುತ್ತದೆ. ಅವರು ಮೂರರಿಂದ ಆರು ತಿಂಗಳು ಮಾತ್ರ ಮೀಸಲಿಟ್ಟು, ಅಷ್ಟರಲ್ಲಿ ಎಷ್ಟು ಇಳಿಯುತ್ತದೋ ಅಷ್ಟಕ್ಕೆ ಒಪ್ಪಿ ಮುಂದುವರಿಯುವುದು ಮೇಲು. 35ರೊಳಗಿನವರು ಒಂದು ವರ್ಷ, ಅದಕ್ಕಿಂತ ದೊಡ್ಡವರು ಆರು ತಿಂಗಳು ಪ್ರಯತ್ನಿಸಿಯೂ ಬಸಿರು ನಿಲ್ಲದಿದ್ದರೆ ತಜ್ಞರನ್ನು ಕಾಣಬೇಕೆಂಬ ನಿಯಮವನ್ನು ತೂಕದ ನೆಪದಲ್ಲಿ ಮುಂದೂಡಬಾರದು.

ಯಾವ ದಾರಿ ಹಿಡಿದರೂ ಮೊದಲು ಹಿಮೋಗ್ಲೋಬಿನ್, ಥೈರಾಯ್ಡ್, ಮೂರು ತಿಂಗಳ ಸರಾಸರಿ ಸಕ್ಕರೆ ತಿಳಿಸುವ ಎಚ್‌ಬಿಎ1ಸಿ, ರಕ್ತದೊತ್ತಡ ಇಷ್ಟನ್ನು ನೋಡಿಸಿಕೊಳ್ಳಬೇಕು. ಥೈರಾಯ್ಡ್ ಕುಗ್ಗಿದ್ದರೆ ಯಾವ ಪಥ್ಯವೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಸಕ್ಕರೆ ಕಾಯಿಲೆ ಇದ್ದವರಿಗೆ ಎಚ್‌ಬಿಎ1ಸಿ 6.5ರ ಕೆಳಗೆ ತರುವುದು ಕಿಲೋ ಇಳಿಸುವುದಕ್ಕಿಂತ ಮುಂಚಿನ ಕೆಲಸ. ಇದರ ಜೊತೆಗೆ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲದ ಮಾತ್ರೆಯನ್ನು ಗರ್ಭ ಕಟ್ಟುವುದಕ್ಕೆ ಕನಿಷ್ಠ ಒಂದು ತಿಂಗಳು ಮುಂಚಿನಿಂದ, ಸಾಧ್ಯವಾದರೆ ಮೂರು ತಿಂಗಳು ಮುಂಚಿನಿಂದ ಆರಂಭಿಸಬೇಕು. ಸಕ್ಕರೆ ಕಾಯಿಲೆ ಇರುವವರಿಗೆ, ತೂಕ ಬಹಳ ಹೆಚ್ಚಿರುವವರಿಗೆ, ಹಿಂದಿನ ಮಗುವಿಗೆ ನರನಾಳದ ದೋಷವಿದ್ದವರಿಗೆ ವೈದ್ಯರು ಇದಕ್ಕಿಂತ ದೊಡ್ಡ ಪ್ರಮಾಣವನ್ನು ಬರೆದುಕೊಡುತ್ತಾರೆ.

ಪುಡಿಯ ಡಬ್ಬಿಯೋ, ಮನೆಯ ತಟ್ಟೆಯೋ

ಬೇಗ ಇಳಿಸುವ ಯೋಜನೆಗಳಿಗೆ ಒಂದು ನಿಜವಾದ ಆಕರ್ಷಣೆ ಇದೆ, ಅದನ್ನು ಅಲ್ಲಗಳೆಯಬಾರದು. ಫಲ ಕಣ್ಣಿಗೆ ಕಾಣುತ್ತದೆ, ಏನು ತಿನ್ನಬೇಕೆಂದು ಯೋಚಿಸುವ ಭಾರ ಇರುವುದಿಲ್ಲ. ವೈದ್ಯರ ಮೇಲ್ವಿಚಾರಣೆಯಲ್ಲಿ, ಎಲ್ಲ ಪೋಷಕಾಂಶಗಳ ಲೆಕ್ಕವಿಟ್ಟು ನಡೆಸುವ ಕಡಿಮೆ ಕ್ಯಾಲೊರಿಯ ಚಿಕಿತ್ಸೆಯೂ ಇದೆ, ಅದು ಬೇರೆ ಮಾತು. ಓಣಿಯಲ್ಲಿ ಮಾರುವ ಡಬ್ಬಿಯ ಮೇಲೆ ಏನು ಬರೆದಿದ್ದರೂ ಒಳಗೆ ಏನಿದೆ ಎಂದು ತಿಳಿಯುವ ಉಪಾಯ ಕೊಳ್ಳುವವರಿಗೆ ಇಲ್ಲ. ಗಿಡಮೂಲಿಕೆಯೆಂದು ಮಾರಾಟವಾಗುವ ತೂಕ ಇಳಿಸುವ ಪುಡಿಗಳಲ್ಲಿ, ಹೃದಯಕ್ಕೆ ಅಪಾಯವೆಂದು ನಮ್ಮ ದೇಶದಲ್ಲಿ ನಿಷೇಧವಾದ ಸಿಬುಟ್ರಮೈನ್ ಎಂಬ ಔಷಧ ಬೆರೆತಿರುವುದು ಹಲವು ದೇಶಗಳ ಪರೀಕ್ಷೆಗಳಲ್ಲಿ ಪತ್ತೆಯಾಗಿದೆ. ಗರ್ಭ ಕಟ್ಟಬಹುದಾದ ತಿಂಗಳುಗಳಲ್ಲಿ ಇಂಥದ್ದನ್ನು ಬಾಯಿಗೆ ಹಾಕಿಕೊಳ್ಳಬಾರದು ಎಂಬುದರಲ್ಲಿ ನನಗೆ ಯಾವ ಸಂದೇಹವೂ ಇಲ್ಲ. ತೀರ ಬೇಗ ತೂಕ ಇಳಿದಾಗ ಪಿತ್ತಕೋಶದಲ್ಲಿ ಕಲ್ಲಾಗುವುದೂ ಉಂಟು, ಊಟ ಸಾಲದೆಂದು ಮೈ ತಿಳಿದರೆ ಅಂಡ ಬಿಡುಗಡೆಯನ್ನೇ ನಿಲ್ಲಿಸುವುದೂ ಉಂಟು. ನನಗೆ ಆದದ್ದು ಎರಡನೆಯದು.

ಮನೆಯ ತಟ್ಟೆಯ ದಾರಿ ನಿಧಾನವಾದದ್ದು, ಮೊದಲ ತಿಂಗಳಲ್ಲಿ ಬೇಸರ ತರಿಸುವಷ್ಟು ನಿಧಾನ. ಆದರೆ ಅದರ ಲೆಕ್ಕ ಸ್ಪಷ್ಟವಾಗಿದೆ. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ, ಆದ್ದರಿಂದ ದಿನಕ್ಕೆ 500 ಕ್ಯಾಲೊರಿ ಕಡಿಮೆ ಮಾಡಿದರೆ ವಾರಕ್ಕೆ ಹತ್ತಿರ ಹತ್ತಿರ ಅರ್ಧ ಕಿಲೋ ಇಳಿಯಬೇಕು. ಕಾಗದದ ಮೇಲಿನ ಈ ವೇಗ ಮೈಮೇಲೆ ನಿಲ್ಲುವುದಿಲ್ಲ, ತಿಂಗಳು ಕಳೆದಂತೆ ಕುಗ್ಗುತ್ತದೆ, ಹಬ್ಬ ಜಾತ್ರೆಗಳು ನಡುವೆ ಬರುತ್ತವೆ. ತಿಂಗಳಿಗೆ ಒಂದು ಕಿಲೋ ಇಳಿದರೂ ಸರಿಯಾದ ದಾರಿಯಲ್ಲಿದ್ದೇನೆ ಎಂದು ನಾನು ತಿಳಿದುಕೊಂಡೆ.

ಆ 500 ಕ್ಯಾಲೊರಿ ನಮ್ಮ ಮನೆಯಲ್ಲಿ ಎಲ್ಲಿ ಅಡಗಿತ್ತು ಎಂಬುದನ್ನು ವಿವರವಾಗಿ ಹೇಳಬೇಕು, ಏಕೆಂದರೆ ನಮ್ಮ ಭಾಗದ ಬಹಳ ಮನೆಗಳಲ್ಲಿ ಅದು ಅಲ್ಲೇ ಇರುತ್ತದೆ. ಇಬ್ಬರಿಗೆ ತಿಂಗಳಿಗೆ ಮೂರು ಲೀಟರ್ ಎಣ್ಣೆ ಮುಗಿಯುತ್ತಿತ್ತು. ಅಂದರೆ ಒಬ್ಬರಿಗೆ ದಿನಕ್ಕೆ 50 ಮಿಲಿಲೀಟರ್. ನಾನು ಎಣ್ಣೆಯ ಕ್ಯಾನನ್ನು ಒಲೆಯ ಪಕ್ಕದಿಂದ ಎತ್ತಿ ಮೇಲಿನ ಮಾಡಕ್ಕೆ ಇಟ್ಟೆ. ದಿನಾ ಬೆಳಿಗ್ಗೆ ಔಷಧದ ಅಳತೆಯ ಮುಚ್ಚಳದಿಂದ 50 ಮಿಲಿಲೀಟರ್ ಅಳೆದು ಸಣ್ಣ ಸ್ಟೀಲಿನ ಮಿಳ್ಳಿಗೆ ಹಾಕಿಟ್ಟು, ಇಬ್ಬರ ಎರಡೂ ಹೊತ್ತಿನ ಅಡುಗೆಯನ್ನು ಅಷ್ಟರಲ್ಲೇ ಮುಗಿಸಬೇಕೆಂದು ಮಾಡಿಕೊಂಡೆ. ಮೊದಲ ವಾರ ಮಧ್ಯಾಹ್ನಕ್ಕೇ ಮಿಳ್ಳಿ ಖಾಲಿಯಾಗುತ್ತಿತ್ತು. ಬದನೆಕಾಯಿ ಎಣಗಾಯಿಗೆ ಎಣ್ಣೆ ತೇಲಲೇಬೇಕೆಂಬ ರೂಢಿ ಬಿಡಲು ಒಂದು ತಿಂಗಳು ಹಿಡಿಯಿತು. ಇಷ್ಟರಿಂದಲೇ ಒಬ್ಬರಿಗೆ ದಿನಕ್ಕೆ 200 ಕ್ಯಾಲೊರಿ ತಗ್ಗಿತು. ರಾತ್ರಿ ರೊಟ್ಟಿಯ ಮೇಲೆ ಮತ್ತೆ ಬಡಿಸಿಕೊಳ್ಳುತ್ತಿದ್ದ ಅನ್ನ ಇನ್ನೊಂದು 200. ದಿನದ ನಾಲ್ಕು ಕಪ್ ಚಹಾಕ್ಕೆ ಎರಡೆರಡು ಚಮಚ ಸಕ್ಕರೆ ಹಾಕಿದರೆ 160 ಕ್ಯಾಲೊರಿ. ಚಹಾವನ್ನು ಎರಡು ಕಪ್ಪಿಗೆ, ಸಕ್ಕರೆಯನ್ನು ಒಂದು ಚಮಚಕ್ಕೆ ಇಳಿಸಿದೆ. ಊಟದ ಜೊತೆಗೆ ಚಹಾ ಕುಡಿಯುವುದನ್ನಂತೂ ಪೂರ್ಣ ಬಿಟ್ಟೆ, ಏಕೆಂದರೆ ಅದು ಊಟದಲ್ಲಿನ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಸೊಪ್ಪಿನ ಪಲ್ಯದ ಮೇಲೆ ನಿಂಬೆಹಣ್ಣು ಹಿಂಡಿದರೆ ಅದಕ್ಕೆ ವಿರುದ್ಧವಾದ ಒಳ್ಳೆಯ ಪರಿಣಾಮವಾಗುತ್ತದೆ.

ರೊಟ್ಟಿ ಬಿಡಬೇಕೇ

ಕಾರ್ಬೋಹೈಡ್ರೇಟನ್ನು ತೀರ ಕಡಿಮೆ ಮಾಡುವ ಕೀಟೋ ಪಥ್ಯದಲ್ಲಿ ಜೋಳದ ರೊಟ್ಟಿಯೂ ಬೇಳೆಯೂ ಒಟ್ಟಿಗೆ ಹೊರಗೆ ಹೋಗುತ್ತವೆ. ಮೊದಲ ವಾರಗಳಲ್ಲಿ ತೂಕ ಚುರುಕಾಗಿ ಇಳಿಯುತ್ತದೆ, ಅದರಲ್ಲಿ ಒಂದು ಪಾಲು ನೀರು. ಸಕ್ಕರೆ ಹೆಚ್ಚಿರುವ ಕೆಲವರಿಗೆ ವೈದ್ಯರ ನಿಗಾದಲ್ಲಿ ಇದರಿಂದ ಅನುಕೂಲವೂ ಆಗುತ್ತದೆ. ಆದರೆ ಫೋಲೇಟ್ ನಮಗೆ ಸಿಗುವುದು ಬೇಳೆಕಾಳು ಮತ್ತು ಸೊಪ್ಪಿನಿಂದ, ನಾರು ಸಿಗುವುದು ಜೋಳದಿಂದ. ಬಸಿರಿನ ಮೊದಲ ವಾರಗಳನ್ನು ಕೀಟೋಸಿಸ್ ಸ್ಥಿತಿಯಲ್ಲಿ, ಅಂದರೆ ಮೈ ಸಕ್ಕರೆಯ ಬದಲು ಕೊಬ್ಬನ್ನು ಉರಿಸಿಕೊಂಡು ನಡೆಯುವ ಸ್ಥಿತಿಯಲ್ಲಿ, ಕಳೆಯುವುದು ಒಳ್ಳೆಯದಲ್ಲ. ಸಸ್ಯಾಹಾರಿ ಮನೆಯಲ್ಲಿ ಬೇಳೆಯನ್ನು ತೆಗೆದರೆ ಪ್ರೋಟೀನಿಗೆ ಪನೀರನ್ನು ಬಿಟ್ಟು ಹೆಚ್ಚೇನೂ ಉಳಿಯುವುದಿಲ್ಲ. ಈ ಕಾರಣಗಳಿಂದ ತಾಯ್ತನಕ್ಕೆ ಸಿದ್ಧವಾಗುವವರಿಗೆ ನಾನು ಇದನ್ನು ಹೇಳುವುದಿಲ್ಲ.

ರೊಟ್ಟಿ, ಚಪಾತಿ, ಅನ್ನ ಮೂರನ್ನು ಹೋಲಿಸಿದರೆ ಹಿಟ್ಟಿನ ಕ್ಯಾಲೊರಿಯಲ್ಲಿ ದೊಡ್ಡ ವ್ಯತ್ಯಾಸವಿಲ್ಲ, ನೂರು ಗ್ರಾಮಿಗೆ ಮೂರೂ 330ರಿಂದ 360ರ ಸುತ್ತ ಬರುತ್ತವೆ. ವ್ಯತ್ಯಾಸವಿರುವುದು ಬೇರೆ ಕಡೆ. ಜೋಳದಲ್ಲಿ ನೂರು ಗ್ರಾಮಿಗೆ ಸುಮಾರು 10 ಗ್ರಾಂ ನಾರು, 10 ಗ್ರಾಂ ಪ್ರೋಟೀನ್ ಇದೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ನಾರು ಅದರ ಮೂರನೆಯ ಒಂದು ಪಾಲೂ ಇಲ್ಲ. ಚಪಾತಿಗೆ ಎಣ್ಣೆ ಬೇಕು, ಬಡಿದ ರೊಟ್ಟಿಗೆ ನೀರು ಸಾಕು. ರೊಟ್ಟಿಯನ್ನು ಅಗಿದು ತಿನ್ನಬೇಕಾದ್ದರಿಂದ ಹೊಟ್ಟೆ ತುಂಬಿತೆಂಬುದು ಸಮಯಕ್ಕೆ ತಿಳಿಯುತ್ತದೆ, ಸಾರು ಅನ್ನ ತಿಳಿಯುವ ಮೊದಲೇ ಒಳಗಿಳಿಯುತ್ತದೆ.

ಒಂದು ಎಚ್ಚರ ಇಲ್ಲಿ ಬೇಕು. ಎರಡು ರೊಟ್ಟಿ ತಿನ್ನಿ ಎಂಬ ಸಲಹೆಗೆ ಅರ್ಥ ಬರುವುದು ರೊಟ್ಟಿಯ ತೂಕ ಗೊತ್ತಿದ್ದರೆ. ಒಮ್ಮೆ ಅಡುಗೆಯ ತಕ್ಕಡಿಯ ಮೇಲೆ ಹಿಟ್ಟನ್ನು ಇಟ್ಟು ನೋಡಿದೆ. ನಮ್ಮ ಅತ್ತೆಯವರು ಅಂಗೈ ಅಗಲಿಸಿ ಬಡಿಯುವ ಒಂದು ರೊಟ್ಟಿಗೆ 70 ಗ್ರಾಂ ಹಿಟ್ಟು ಹೋಗುತ್ತಿತ್ತು, ನನ್ನ ಕೈಯ ರೊಟ್ಟಿಗೆ 45 ಗ್ರಾಂ. ಅವರ ಎರಡು ರೊಟ್ಟಿ ನನ್ನ ಮೂರು ರೊಟ್ಟಿಗಿಂತ ದೊಡ್ಡವು. ಖಡಕ್ ರೊಟ್ಟಿಯ ವಿಷಯದಲ್ಲಿ ಇನ್ನೂ ಜಾಗ್ರತೆ ಬೇಕು, ತೆಳುವಾಗಿ ಹಗುರವಾಗಿ ಇರುವುದರಿಂದ ಮಾತಾಡುತ್ತ ಮುರಿದು ತಿಂದರೆ ಲೆಕ್ಕ ಉಳಿಯುವುದಿಲ್ಲ.

ಪ್ರೋಟೀನಿಗೆ ಪುಡಿ ಬೇಕೇ ಬೇಕು ಎನ್ನುವವರಿಗೂ ಇದೇ ತಟ್ಟೆಯಲ್ಲಿ ಉತ್ತರವಿದೆ. 50 ಗ್ರಾಂ ಹಿಟ್ಟಿನ ಮೂರು ರೊಟ್ಟಿಯಿಂದ 15 ಗ್ರಾಂ, ಎರಡು ಹೊತ್ತು ಸೇರಿ 60 ಗ್ರಾಂ ತೊಗರಿಬೇಳೆಯಿಂದ 13 ಗ್ರಾಂ, ಒಂದು ಹಿಡಿ ಮಡಕಿ ಕಾಳಿನ ಅಥವಾ ಹೆಸರುಕಾಳಿನ ಉಸುಳಿಯಿಂದ 9 ಗ್ರಾಂ, ಹಾಲು ಮೊಸರು ಸೇರಿ 300 ಮಿಲಿಲೀಟರಿನಿಂದ 10 ಗ್ರಾಂ, ಎರಡು ಚಮಚ ಶೇಂಗಾ ಹಿಂಡಿಯಿಂದ 5 ಗ್ರಾಂ. ಒಟ್ಟು 50 ದಾಟುತ್ತದೆ. ಮೊಟ್ಟೆ ತಿನ್ನುವವರಿಗೆ ಒಂದಕ್ಕೆ 6 ಗ್ರಾಂ ಮೇಲೆ ಸೇರುತ್ತದೆ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಇಂಥ ಬೇಳೆ ಬೆಳೆಯುವ ಊರಿನಲ್ಲಿ ನಾವು ಸಾರನ್ನು ನೀರಾಗಿ ಮಾಡಿ ಅನ್ನದ ಮೇಲೆ ಹುಯ್ದುಕೊಳ್ಳುವುದಕ್ಕೆ ಬದಲಾಗಿ ಬೇಳೆಯನ್ನು ಗಟ್ಟಿ ಪಪ್ಪಾಗಿ ಮಾಡಿ, ಮೆಂತ್ಯ, ಪಾಲಕ್, ಪುಂಡಿ ಸೊಪ್ಪು ಬೆರೆಸಿ ರೊಟ್ಟಿಯ ಜೊತೆ ತಿಂದರೆ ಹಸಿವೂ ತಡೆಯುತ್ತದೆ. ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಕೂತು ತಿನ್ನುವ ಸಜ್ಜೆ ರೊಟ್ಟಿ ಮತ್ತು ಕಾಳು ಸೊಪ್ಪು ತರಕಾರಿ ಕೂಡಿದ ಭಜ್ಜಿಯನ್ನು ನೆನಪಿಸಿಕೊಂಡರೆ, ಎಣ್ಣೆ ಹಿಡಿತದಲ್ಲಿದ್ದಾಗ ಆ ತಟ್ಟೆಯನ್ನು ಮೀರಿಸುವ ಪಥ್ಯ ನನಗಂತೂ ಕಂಡಿಲ್ಲ. ಸಸ್ಯಾಹಾರಿಗಳಿಗೆ ಕೊರತೆಯಾಗುವುದು ಬಿ12 ಜೀವಸತ್ವ, ಅದನ್ನು ರಕ್ತ ಪರೀಕ್ಷೆಯಿಂದ ತಿಳಿದು ಮಾತ್ರೆಯಿಂದ ತುಂಬಿಕೊಳ್ಳಬೇಕು.

ಉಪವಾಸದ ವಿಷಯ

ಹದಿನಾರು ತಾಸು ಉಪವಾಸ, ಎಂಟು ತಾಸಿನೊಳಗೆ ಊಟ ಎಂಬ ಕ್ರಮಕ್ಕೆ ಬೇರೆ ಯಾವ ಮಾಯೆಯೂ ಇಲ್ಲ. ದಿನದ ಕ್ಯಾಲೊರಿ ಸಮವಾಗಿದ್ದರೆ ಅದೂ ಮೂರು ಹೊತ್ತಿನ ಊಟವೂ ಹೆಚ್ಚುಕಡಿಮೆ ಒಂದೇ ಫಲ ಕೊಡುತ್ತವೆ. ರಾತ್ರಿ ತಡವಾಗಿ ತಿನ್ನುವ ಅಭ್ಯಾಸವಿರುವವರಿಗೆ ಏಳು ಗಂಟೆಗೆ ಊಟ ಮುಗಿಸುವುದು ಸುಲಭದ ಶಿಸ್ತಾಗಬಹುದು. ಆದರೆ ಎರಡು ಹೊತ್ತಿನಲ್ಲಿ 50 ಗ್ರಾಂ ಪ್ರೋಟೀನ್ ತಿನ್ನುವುದು ಕಷ್ಟ, ಬಸಿರು ನಿಂತ ಮೇಲೆ ವಾಕರಿಕೆಗೆ ಎರಡು ಮೂರು ತಾಸಿಗೊಮ್ಮೆ ಏನಾದರೂ ತಿನ್ನಲೇಬೇಕಾಗುತ್ತದೆ, ಅಷ್ಟರಲ್ಲಿ ಮೈಗೆ ಹತ್ತಿದ ಕ್ರಮವನ್ನು ಪೂರ್ಣ ಬದಲಿಸಬೇಕಾಗುತ್ತದೆ. ಸೋಮವಾರ, ಏಕಾದಶಿಯ ವ್ರತಗಳಲ್ಲಿ ಶೇಂಗಾ ಹಾಕಿದ ಸಾಬುದಾನಿ ಖಿಚಡಿಯನ್ನು ತುಂಬ ತಿಂದರೆ ಅದು ರೊಟ್ಟಿ ಪಲ್ಯಕ್ಕಿಂತ ಭಾರವೇ ಆಗುತ್ತದೆ. ರಂಜಾನಿನ ರೋಜಾ ಇಡುವವರು ತೂಕದ ಲೆಕ್ಕವನ್ನು ಆ ತಿಂಗಳು ಬದಿಗಿಟ್ಟು, ಸಹರಿಯಲ್ಲಿ ಬೇಳೆ, ಮೊಟ್ಟೆ, ಮೊಸರು ಸಾಕಷ್ಟು ತಿನ್ನುವುದೇ ಸಾಕು. ಬಸಿರಿನ ಸಾಧ್ಯತೆ ಇದ್ದರೆ ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು.

ನಡಿಗೆ, ಜಿಮ್, ಮನೆಯ ವ್ಯಾಯಾಮ

ವಾರಕ್ಕೆ 150 ನಿಮಿಷ ಬಿರುಸಾದ ನಡಿಗೆ ಮತ್ತು ಎರಡು ದಿನ ಸ್ನಾಯುಗಳಿಗೆ ಕೆಲಸ ಕೊಡುವ ವ್ಯಾಯಾಮ ಎಂಬುದು ಎಲ್ಲೆಡೆ ಒಪ್ಪಿದ ಅಳತೆ. ನಮ್ಮಲ್ಲಿ ಅದನ್ನು ತಡೆಯುವುದು ಬಿಸಿಲು. ಏಪ್ರಿಲ್ ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರಿನಲ್ಲಿ ಸಂಜೆ ಆರಕ್ಕೂ ರಸ್ತೆ ಕಾದೇ ಇರುತ್ತದೆ. ನಾವು ಬೆಳಿಗ್ಗೆ ಐದೂವರೆಗೆ ಅಪ್ಪನ ಕೆರೆಯ ದಂಡೆಗೆ ಹೋಗುತ್ತಿದ್ದೆವು. ಆ ಹೊತ್ತಿಗೆ ಅಲ್ಲಿ ಹೆಂಗಸರ ಗುಂಪುಗಳು ಇರುತ್ತವೆ, ಒಂಟಿಯಾಗಿ ಹೋಗುವ ಅಂಜಿಕೆ ಇರುವುದಿಲ್ಲ. ಬೀದರಿನವರಿಗೆ ಕೋಟೆಯ ಒಳಗಿನ ಬಯಲು ಇದೆ. ಹಳ್ಳಿಯಲ್ಲಿ ಹೊಲದ ಕೆಲಸ ಮಾಡುವವರಿಗೆ ನಡಿಗೆ ಬೇರೆ ಬೇಡ, ಅವರು ನೋಡಿಕೊಳ್ಳಬೇಕಾದದ್ದು ಊಟದಲ್ಲಿನ ಕಬ್ಬಿಣ ಮತ್ತು ಪ್ರೋಟೀನನ್ನು.

ಜಿಮ್ಮಿನ ಲಾಭ ಭಾರ ಎತ್ತುವುದರಲ್ಲಿದೆ. ಊಟ ಕಡಿಮೆಯಾದಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ, ಭಾರದ ವ್ಯಾಯಾಮ ಅದನ್ನು ತಡೆಯುತ್ತದೆ. ಆದರೆ ಇದಕ್ಕೆ ಜಿಮ್ಮೇ ಆಗಬೇಕೆಂದಿಲ್ಲ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು ಹದಿನೈದು ಸಲ, ಗೋಡೆಗೆ ಕೈಕೊಟ್ಟು ತಳ್ಳುವುದು, ಎರಡು ಲೀಟರ್ ನೀರಿನ ಬಾಟಲಿಗಳನ್ನು ಎತ್ತುವುದು, ಇಷ್ಟರಿಂದಲೇ ನಾನು ಆರಂಭಿಸಿದೆ. ಇವೆಲ್ಲ ಬಸಿರಿನಲ್ಲಿಯೂ ವೈದ್ಯರ ಒಪ್ಪಿಗೆಯಿಂದ ಮುಂದುವರಿಯುವಂಥವು, ಅದೇ ಇವುಗಳ ದೊಡ್ಡ ಗುಣ. ಕೈಯಲ್ಲಿ ಹಣ ಮತ್ತು ಸಮಯ ಎರಡೂ ಇದ್ದು ಒಳ್ಳೆಯ ತರಬೇತುದಾರರು ಸಿಕ್ಕರೆ ಜಿಮ್ ಆರಿಸಿಕೊಳ್ಳಬಹುದು. ಅವೆರಡೂ ಇಲ್ಲದವರು ಏನನ್ನೂ ಕಳೆದುಕೊಳ್ಳುವುದಿಲ್ಲ.

ಔಷಧ, ಚುಚ್ಚುಮದ್ದು, ಶಸ್ತ್ರಚಿಕಿತ್ಸೆ

ಇವುಗಳನ್ನು ಸೋಲಿನ ಗುರುತೆಂದು ನೋಡಬಾರದು. ಬಿಎಂಐ ಬಹಳ ಹೆಚ್ಚಿದ್ದು, ಸಕ್ಕರೆ ಕಾಯಿಲೆಯೋ ರಕ್ತದೊತ್ತಡವೋ ಜೊತೆಗಿದ್ದರೆ ಅಡುಗೆಮನೆಯೊಂದರಿಂದಲೇ ಆಗುವ ಕೆಲಸ ಅಲ್ಲ. ತೂಕದ ಕಾಯಿಲೆ ಇಚ್ಛಾಶಕ್ತಿಯ ಕೊರತೆಯಲ್ಲ ಎಂಬುದನ್ನು ಮನೆಯವರೂ ತಿಳಿಯಬೇಕು.

ಪಿಸಿಓಎಸ್ ಇರುವವರಿಗೆ ಕೊಡುವ ಮೆಟ್‌ಫಾರ್ಮಿನ್ ತೂಕವನ್ನು ಸ್ವಲ್ಪವೇ ಇಳಿಸುತ್ತದೆ, ಮುಟ್ಟನ್ನು ಸರಿಪಡಿಸಲು ನೆರವಾಗುತ್ತದೆ. ವಾರಕ್ಕೊಮ್ಮೆ ತೆಗೆದುಕೊಳ್ಳುವ ಸೆಮಾಗ್ಲುಟೈಡ್ ಮತ್ತು 2025ರಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ಬಂದ ಟಿರ್ಜೆಪಟೈಡ್ ಚುಚ್ಚುಮದ್ದುಗಳು ನಿಜಕ್ಕೂ ಹೆಚ್ಚು ತೂಕ ಇಳಿಸುತ್ತವೆ. ಆದರೆ ಇವುಗಳನ್ನು ಬಸಿರಿನಲ್ಲಿ ಬಳಸಬಾರದು. ಸೆಮಾಗ್ಲುಟೈಡನ್ನು ಗರ್ಭಕ್ಕೆ ಪ್ರಯತ್ನಿಸುವ ಕನಿಷ್ಠ ಎರಡು ತಿಂಗಳು ಮುಂಚೆ ನಿಲ್ಲಿಸಬೇಕು. ಟಿರ್ಜೆಪಟೈಡ್ ಗರ್ಭನಿರೋಧಕ ಮಾತ್ರೆಯ ಪರಿಣಾಮವನ್ನು ತಗ್ಗಿಸುವುದರಿಂದ ಅದನ್ನು ಬಳಸುವ ಕಾಲದಲ್ಲಿ ಬೇರೆ ನಿರೋಧಕವೂ ಬೇಕು. ತೂಕ ಇಳಿದಂತೆ ನಿಂತಿದ್ದ ಮುಟ್ಟು ಮರಳಿ, ಎಣಿಸದೆ ಬಸಿರು ನಿಲ್ಲುವುದು ಉಂಟು. ನಿಲ್ಲಿಸಿದ ಮೇಲೆ ಹಸಿವು ಮರಳುತ್ತದೆ, ಇಳಿದ ತೂಕದಲ್ಲಿ ದೊಡ್ಡ ಪಾಲು ಮರಳಿ ಬರುವ ಸಂಭವವಿದೆ. ಆ ಮರಳುವ ತಿಂಗಳುಗಳೇ ಗರ್ಭ ಕಟ್ಟುವ ತಿಂಗಳುಗಳೂ ಆಗುತ್ತವೆ ಎಂಬುದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ವರ್ಷಕ್ಕಿಂತ ಹೆಚ್ಚು ಕಾಲ ಕೈಯಲ್ಲಿದ್ದು, ಔಷಧದ ಅವಧಿಯಲ್ಲೇ ಊಟದ ಕ್ರಮವನ್ನು ಗಟ್ಟಿ ಮಾಡಿಕೊಳ್ಳುವವರಿಗೆ ಇದು ಹೊಂದುತ್ತದೆ. ಮೂರು ತಿಂಗಳಲ್ಲಿ ಬಸಿರಾಗಬೇಕೆನ್ನುವವರಿಗೆ ಹೊಂದುವುದಿಲ್ಲ. ಹೊಟ್ಟೆಯನ್ನು ಕಿರಿದು ಮಾಡುವ ಶಸ್ತ್ರಚಿಕಿತ್ಸೆ ಆದರೆ 12ರಿಂದ 18 ತಿಂಗಳು ಬಸಿರನ್ನು ಮುಂದೂಡಬೇಕು, ಪೋಷಕಾಂಶದ ಮಾತ್ರೆಗಳು ಜೀವನಪರ್ಯಂತ ಬೇಕು. ರಕ್ತದೊತ್ತಡಕ್ಕೋ ಕೊಲೆಸ್ಟ್ರಾಲಿಗೋ ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿರುವವರು ಅವುಗಳಲ್ಲಿ ಬಸಿರಿಗೆ ಹೊಂದದವು ಇವೆಯೇ ಎಂದು ಕೇಳಿ, ಬದಲಿಸಬೇಕಾದವನ್ನು ವೈದ್ಯರಿಂದಲೇ ಬದಲಿಸಿಕೊಳ್ಳಬೇಕು.

ಒಬ್ಬಳೇ ಇಳಿಸುವುದೋ, ಇಬ್ಬರೂ ಕೂಡಿಯೋ

ನಮ್ಮ ಕಡೆ ಮಗು ತಡವಾದರೆ ಮಾತು ಕೇಳಬೇಕಾದವಳು ಸೊಸೆ, ಪಥ್ಯ ಮಾಡಬೇಕಾದವಳೂ ಅವಳೇ. ಮಕ್ಕಳಾಗುವುದು ತಡವಾಗುವ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಕಾರಣವೂ ಇರುತ್ತದೆ ಎಂಬುದನ್ನು ಹಿರಿಯರ ಮುಂದೆ ಗಟ್ಟಿಯಾಗಿ ಹೇಳಬೇಕು. ಬೊಜ್ಜು ವೀರ್ಯದ ಗುಣವನ್ನು ಕುಗ್ಗಿಸುತ್ತದೆ. ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳ ಹತ್ತಿರ ಬೇಕಾಗುವುದರಿಂದ ಗಂಡಸಿನ ಸಿದ್ಧತೆಯೂ ಮೂರು ತಿಂಗಳು ಮುಂಚೆಯೇ ಆರಂಭವಾಗಬೇಕು. ಗುಟ್ಕಾ, ಸಿಗರೇಟು, ಮದ್ಯ ಬಿಡಬೇಕು. ಜಿಮ್ಮಿನಲ್ಲಿ ಮೈ ಕಟ್ಟಲು ಕೊಡುವ ಟೆಸ್ಟೋಸ್ಟಿರೋನ್ ಮತ್ತು ಸ್ಟೀರಾಯ್ಡ್ ಚುಚ್ಚುಮದ್ದು ವೀರ್ಯಾಣು ಉತ್ಪಾದನೆಯನ್ನೇ ನಿಲ್ಲಿಸಿಬಿಡಬಲ್ಲದು, ಎಷ್ಟೋ ಹುಡುಗರಿಗೆ ಇದು ಗೊತ್ತಿಲ್ಲ.

ಅಡುಗೆಯ ಮಾತಾಡಿದರೂ ಕೂಡಿ ಇಳಿಸುವುದೇ ಸುಲಭ. ಒಬ್ಬಳ ಪಥ್ಯಕ್ಕೆ ಬೇರೆ ಪಲ್ಯ ಮಾಡಬೇಕಾದ ಮನೆಯಲ್ಲಿ ಆ ಪಥ್ಯ ಎರಡನೆಯ ತಿಂಗಳು ದಾಟುವುದಿಲ್ಲ. ನನ್ನ ಗಂಡ ಚಹಾಕ್ಕೆ ಸಕ್ಕರೆ ಬಿಟ್ಟದ್ದು, ಮಿಳ್ಳಿಯ ಎಣ್ಣೆಗೆ ತಕರಾರು ಮಾಡದೆ ಉಂಡದ್ದು, ಸಂಜೆಯ ಮಿರ್ಚಿ ಭಜಿಯನ್ನು ಮನೆಗೆ ತರುವುದನ್ನು ನಿಲ್ಲಿಸಿದ್ದು ನನಗೆ ಯಾವ ವೈದ್ಯರ ಸಲಹೆಗಿಂತಲೂ ಹೆಚ್ಚು ನೆರವಾಯಿತು. ಅವರದೂ 5 ಕಿಲೋ ಇಳಿಯಿತು.

ನಡುವೆಯೇ ಬಸಿರು ನಿಂತರೆ

ಗುರಿ ಮುಟ್ಟುವ ಮೊದಲೇ ಬಸಿರು ನಿಂತರೆ ಅದಕ್ಕೆ ಹಳಹಳಿಸಬೇಕಾಗಿಲ್ಲ. ಆ ದಿನದಿಂದ ಕಡಿತವನ್ನು ನಿಲ್ಲಿಸಬೇಕು, ತಟ್ಟೆಯನ್ನು ಹಾಗೆಯೇ ಇಟ್ಟುಕೊಳ್ಳಬೇಕು. ಇಬ್ಬರಿಗಾಗುವಷ್ಟು ತಿನ್ನಬೇಕೆಂದು ಹಿರಿಯರು ಪ್ರೀತಿಯಿಂದ ಹೇಳುತ್ತಾರೆ, ಆದರೆ ಮೊದಲ ಮೂರು ತಿಂಗಳು ಹೆಚ್ಚಿನ ಊಟ ಬೇಕಾಗುವುದೇ ಇಲ್ಲವೆನ್ನಬಹುದು. ಬಸಿರಿನಲ್ಲಿ ಎಷ್ಟು ತೂಕ ಏರಬೇಕೆಂಬುದು ಮುಂಚಿನ ತೂಕವನ್ನು ಅವಲಂಬಿಸಿದೆ. ಅಂತರರಾಷ್ಟ್ರೀಯ ಅಳತೆಯಲ್ಲಿ ಬಿಎಂಐ 25ರೊಳಗಿನ ಸಾಧಾರಣ ತೂಕದವರಿಗೆ 11.5ರಿಂದ 16 ಕಿಲೋ, 25ರಿಂದ 30ರ ನಡುವಿನವರಿಗೆ 7ರಿಂದ 11.5 ಕಿಲೋ, 30 ದಾಟಿದವರಿಗೆ 5ರಿಂದ 9 ಕಿಲೋ. ನಮ್ಮವರಿಗೆ ಈ ಗೆರೆ ಸ್ವಲ್ಪ ಕೆಳಗೆ ಬರುವುದರಿಂದ ನಿಮಗೆ ಎಷ್ಟೆಂಬುದನ್ನು ವೈದ್ಯರೇ ಹೇಳಬೇಕು. ಸಕ್ಕರೆಯ ಪರೀಕ್ಷೆಯನ್ನು ಮೊದಲ ಭೇಟಿಯಲ್ಲೇ ಮಾಡಿಸಬೇಕು. 75 ಗ್ರಾಂ ಗ್ಲೂಕೋಸ್ ಕುಡಿದ ಎರಡು ತಾಸಿನ ಮೇಲೆ 140 ಅಥವಾ ಹೆಚ್ಚು ಬಂದರೆ ಬಸಿರಿನ ಸಕ್ಕರೆಯೆಂದು ಎಣಿಸಿ ಚಿಕಿತ್ಸೆ ಆರಂಭಿಸುತ್ತಾರೆ.

ಆದ್ದರಿಂದ ತೂಕವನ್ನು ಬರೆದಿಡುವ ರೂಢಿಯನ್ನು ಆರಂಭದಿಂದಲೇ ಮಾಡಿಕೊಳ್ಳಿ. ವಾರಕ್ಕೊಮ್ಮೆ, ಒಂದೇ ದಿನ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೋಡಿ, ಕ್ಯಾಲೆಂಡರಿನ ಮೇಲೆ ಮುಟ್ಟಿನ ದಿನಾಂಕದ ಪಕ್ಕದಲ್ಲೇ ಬರೆಯಿರಿ. ಆಶಾ ಕಾರ್ಯಕರ್ತೆ ತಾಯಿ ಕಾರ್ಡ್ ಮಾಡಿಸಲು ಬಂದ ದಿನ, ಮುಟ್ಟು ತಪ್ಪುವ ಮುಂಚೆ ನಿಮ್ಮ ತೂಕ ಎಷ್ಟಿತ್ತು ಎಂದು ಕೇಳಿದರೆ ಊಹೆ ಹೇಳದೆ ಆ ಪುಟ ತೆಗೆದು ತೋರಿಸಬಹುದು. ಮುಂದಿನ ಒಂಬತ್ತು ತಿಂಗಳ ಲೆಕ್ಕವೆಲ್ಲ ಆ ಸಂಖ್ಯೆಯಿಂದಲೇ ಆರಂಭವಾಗುತ್ತದೆ.